ಅಳತೆಯ ದಾರ

ಕೋಲಾರದ ಮೂಳೆ ಡಾಕ್ಟರ ಕೊಠಡಿಯ ಹೊರಗೆ ಕಾಯುತ್ತಿದ್ದ ಕೌಸರ್ ಪಕ್ಕಕ್ಕೆ ನೋಡಿದಳು. ಅಲ್ಲಿ ಶಿವಾರಪಟ್ಟಣದ ಶಿಲ್ಪಿಯೊಬ್ಬ ಕಲ್ಲು ಅಳೆಯುವ ದಾರದಿಂದ ತನ್ನ ಮಗಳ ಕಾಲುಗಳನ್ನು ಅಳೆಯುತ್ತಿದ್ದ.

“ಬೆಳಗ್ಗೆ ತಾನೇ ಅಳೆದ್ಯಲ್ಲಪ್ಪಾ!”

“ಹೋದ ವರ್ಷ ಮುರಿದಾಗ ಮೂಳೆ ಬೆಳೆಯೋ ಜಾಗಕ್ಕೇ ಪೆಟ್ಟಾಗಿತ್ತಲ್ಲಮ್ಮ. ಈ ಕಾಲು ಗಿಡ್ಡ ಆಗಿಬಿಟ್ರೆ?”

“ಅದಕ್ಕೇ ಅಲ್ವಾ ಆರಾರು ತಿಂಗಳಿಗೆ ಎಕ್ಸ್-ರೇ? ನಾನೇನು ನಿನ್ನ ವಿಗ್ರಹಾನಾ?”

“ವಿಗ್ರಹ ಆಗಿದ್ರೆ ಭಯಾನೇ ಇರ್ತಿರ್ಲಿಲ್ಲ ಕಣೇ. ಕಲ್ಲು ಬೆಳೆಯಲ್ಲ.”

ನರ್ಸ್ ಅಪ್ಪ-ಮಗಳನ್ನು ಕರೆದಳು. ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ಹೊರಬಂದರು.

“ಎರಡೂ ಸಮವಾಗಿ ಬೆಳೀತಿವೆ ಅಂದ್ರಲ್ಲ ಡಾಕ್ಟ್ರು, ದಾರ ಕೊಡಪ್ಪಾ.”

“ಎಲ್ಲಿವರೆಗೆ?”

“ಮುಂದಿನ ಎಕ್ಸ್-ರೇವರೆಗೆ.”

ಅವನು ಕೊಟ್ಟ. ಮಗಳು ಅದರಲ್ಲೇ ಜಡೆ ಕಟ್ಟಿಕೊಂಡು ಮುಂದೆ ನಡೆದಳು. ಅಪ್ಪ ಅವಳ ಹೆಜ್ಜೆಗಳನ್ನೇ ನೋಡುತ್ತ ಹಿಂದೆ ಹೋದ.