ನಿಂಬೆಕ್ಕ ತನ್ನ ಲೆಕ್ಕ ತಾನೇ ಹೇಳಿದ್ದು

ಕೂತಿರಾ ಎಲ್ಲ? ಹಾಗಾದರೆ ಕೇಳಿ. ಒಂದು ನಾಡಿತ್ತು. ಹೆಸರು ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರ್ತಾರೆ, ಬೇಡ. ಆ ನಾಡಿಗೊಂದು ಸಭೆ, ಸಭೆಗೆ ಎರಡು ಪಂಗಡ. ಎಡಗಡೆ ಕೆಂಪು ರುಮಾಲಿನವರು, ಅವರ ಯಜಮಾನ ದುಗ್ಗಪ್ಪ. ಬಲಗಡೆ ಬಿಳಿ ರುಮಾಲಿನವರು, ಅವರ ಯಜಮಾನ ಭರಮೇಗೌಡ. ಇವರು ಬಿಸಿಲು ಅಂದರೆ ಅವರು ನೆರಳು ಅನ್ನೋರು.

ನಡುವಿನ ಕಂಬಕ್ಕೆ ಒರಗಿ ಕೂರುತ್ತಿದ್ದವಳು ನಿಂಬೆಕ್ಕ. ಯಾರು ಏನು ಮಾಡಹೊರಟರೂ ಬೊಕ್ಕಸದಿಂದ ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ ಅಂತ ಎರಡೂ ಕಡೆಗೆ ಒಂದೇ ಮಾತು ಹೇಳುವುದು ಅವಳ ಕೆಲಸ. ಮಾಡಿ ಅನ್ನುವ ಹಾಗಿಲ್ಲ, ಬೇಡ ಅನ್ನುವ ಹಾಗೂ ಇಲ್ಲ. ಅವಳಿದ್ದದ್ದು ಸಭೆ ಕೊಟ್ಟ ಮನೆಯಲ್ಲಿ. ಆ ಕೆಲಸ ಹೋದರೆ ಅವಳಿಗೂ ಕಣ್ಣು ಕಾಣದ ಅವಳ ಅತ್ತೆಗೂ ತಲೆ ಮೇಲೆ ಸೂರಿಲ್ಲ.

ಆ ವರ್ಷ ಜಗಳ ಹತ್ತಿದ್ದು ಹೊಳೆಯ ಹರಿಗೋಲಿಗೆ. ದುಗ್ಗಪ್ಪ ದಾಟುವವರಿಂದ ಕಾಸೇ ಬೇಡ ಅಂದ. ಸಂತೆಗೆ ಜನ ಹೆಚ್ಚಿ, ಸಂತೆಯ ಸುಂಕದಲ್ಲೇ ಬೊಕ್ಕಸ ತುಂಬುತ್ತದಂತೆ. ಭರಮೇಗೌಡ ಒಂದು ಕಾಸಿದ್ದದ್ದು ಎರಡಾಗಲಿ, ಬೊಕ್ಕಸವೂ ಎರಡರಷ್ಟಾಗುತ್ತದೆ ಅಂದ.

ನಿಂಬೆಕ್ಕ ಏನು ಮಾಡಿದಳು? ಹೊಳೆ ದಂಡೆಗೆ ಹೋಗಿ ಮೂರು ದಿನ ಕೂತಳು. ಒಂದು ದಿನ ದಾಟಿದವರನ್ನು ಎಣಿಸಿದಳು. ಮಾರನೇ ದಿನ, ಎರಡು ಕಾಸಾದರೆ ಬರ್ತೀರಾ ಅಂತ ಕೇಳಿದಳು. ಮೂರನೇ ದಿನ, ಬಿಟ್ಟಿಯಾದರೆ ಎಷ್ಟು ಸಲ ಬರ್ತೀರಾ ಅಂತ ಕೇಳಿದಳು.

ಆಮೇಲೆ ಮನೆಗೆ ಬಂದವರು ಯಾರು ಹೇಳಿ? ಮೊದಲು ದುಗ್ಗಪ್ಪ, ಸೀರೆ ಹಿಡಕೊಂಡು. ಹಿಂದೆಯೇ ಭರಮೇಗೌಡ, ಬರಿಗೈಯಲ್ಲಿ. ಮನೆಯ ಹೆಂಚು, ತೊಲೆ ಎಲ್ಲ ನಿಧಾನಕ್ಕೆ ನೋಡಿ, ಅತ್ತೆಗೆ ಈ ವಯಸ್ಸಲ್ಲಿ ಹೊಸ ಊರು ಒಗ್ಗುತ್ತದಾ ಅಂತ ವಿಚಾರಿಸಿ ಹೋದ. ನಿಂಬೆಕ್ಕ ಸೀರೆ ವಾಪಸ್ ಕಳಿಸಿದಳು. ಆದರೆ ಗೌಡ ನೋಡಿಹೋದ ತೊಲೆಯನ್ನೇ ರಾತ್ರಿಯೆಲ್ಲ ನೋಡಿದಳು.

ಸಭೆ ಸೇರಿತು. ಅವಳು ಎದ್ದು ಹೇಳಿದಳು: ಎರಡು ಕಾಸು ಮಾಡಿದರೆ ಅರ್ಧ ಜನ ಕೆಳಗೆ ನೀರು ಕಡಿಮೆ ಇರುವ ಕಡವಿನಲ್ಲಿ ನಡೆದೇ ದಾಟುತ್ತಾರೆ, ಒಂದು ಕಾಸೂ ಹೆಚ್ಚು ಬರುವುದಿಲ್ಲ. ಬಿಟ್ಟಿ ಮಾಡಿದರೆ ಸಂತೆಯ ಸುಂಕ ಹೆಚ್ಚುವುದು ನಿಜ, ಆದರೆ ಅಂಬಿಗರೂ ಹೆಚ್ಚು ಬೇಕು, ವರ್ಷಕ್ಕೆ ಎಂಟುನೂರು ವರಹ ಕಡಿಮೆ ಬೀಳುತ್ತದೆ. (ಎಂಟುನೂರೋ ಏಳುನೂರೋ, ನನಗೆ ಮರೆತಿದೆ. ಅವಳಿಗೆ ಮರೆತಿರಲಿಲ್ಲ.)

ಈಗ ನೋಡಿ ತಮಾಷೆ. ಹುಟ್ಟಿದಾಗಿಂದ ಕೂಡದ ಎರಡು ಪಂಗಡ ಒಂದಾಯಿತು. ಇವಳನ್ನು ತೆಗೆದುಹಾಕಿ ಅಂದರು ಕೆಂಪಿನವರು. ಇವತ್ತೇ ತೆಗೆಯಿರಿ ಅಂದರು ಬಿಳಿಯವರು.

ಸಭೆಯ ಹಿರಿಯ ಕೆಮ್ಮಿದ. "ಕಟ್ಟಳೆ ಮರೀಬೇಡ್ರಪ್ಪ. ಖರ್ಚು ವೆಚ್ಚ ಕೇಳದೆ ಯಾವುದಕ್ಕೂ ಕೈ ಎತ್ತೋ ಹಾಗಿಲ್ಲ. ಇದಕ್ಕೂ ಅಷ್ಟೇ. ಹೇಳವ್ವ ನಿಂಬಿ, ನಿನ್ನ ತೆಗೆದರೆ ಎಷ್ಟಾಗ್ತದೆ?"

ನಿಂಬೆಕ್ಕ ಯೋಚಿಸಿದಳು. ಸಾವಿರ ವರಹ ನಷ್ಟ ಅಂದುಬಿಟ್ಟರೆ? ಅಲ್ಲಿ ಎಣಿಸಿ ನೋಡೋರು ಯಾರಿದ್ದಾರೆ? ಒಂದೇ ಒಂದು ಸುಳ್ಳು, ಸೂರು ಉಳಿಯುತ್ತದೆ. ಅತ್ತೆ ಬಾಗಿಲಲ್ಲಿ ಕೂತು ಇವಳ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟಿರುತ್ತಾಳೆ.

ಬೆರಳು ಮಡಚಿದಳು. ಮತ್ತೆ ಮಡಚಿದಳು. ಮೂರನೇ ಸಲವೂ ಅಷ್ಟೇ ಬಂತು.

"ನನ್ನ ತೆಗೆದರೆ ವರ್ಷಕ್ಕೆ ನನಗೆ ಕೊಡೋ ಹನ್ನೆರಡು ಚೀಲ ರಾಗಿ ಉಳೀತದೆ. ಮನೆ ಬಾಡಿಗೆಗೆ ಕೊಟ್ಟರೆ ಇನ್ನೆರಡು ಚೀಲ ಬರ್ತದೆ. ನಷ್ಟ ಏನಾದರೂ ಇದ್ದರೆ ಅದು ನನಗೆ ಅಳೆಯೋಕೆ ಬರಲ್ಲ. ಅಳೆಯೋಕೆ ಬರದ್ದು ನಾನು ಹೇಳಲ್ಲ."

ತೆಗೆಯೋಕೆ ಒಪ್ಪುವವರು ಕೈ ಎತ್ತಿ ಅಂದ ಹಿರಿಯ. ದುಗ್ಗಪ್ಪನ ಕೈ ಕಿವಿಯ ಮಟ್ಟಕ್ಕೆ ಬಂದಿತ್ತು. ಅಲ್ಲೇ ನಿಂತಿತು. ತನ್ನ ಕತ್ತು ಉಳಿಸಿಕೊಳ್ಳೋಕೇ ಸುಳ್ಳು ಹೇಳದವಳು ನಮ್ಮ ಹರಿಗೋಲಿನ ವಿಷಯದಲ್ಲಿ ಹೇಳಿರ್ತಾಳಾ? ಇವಳು ಹೋದರೆ ನಾಳೆ ಆ ಗೌಡ ಎಂಥವನನ್ನು ತಂದು ಕೂರಿಸ್ತಾನೋ? ಆಚೆ ಗೌಡನೂ ದುಗ್ಗಪ್ಪನನ್ನೇ ಓರೆಗಣ್ಣಲ್ಲಿ ನೋಡುತ್ತಿದ್ದ. ಅವನ ಕೈಯೂ ಕಿವಿಯ ಹತ್ತಿರವೇ ಇತ್ತು.

ಎತ್ತಿದ ಕೈ ಇಳಿಸೋದು ಹೇಗೆ, ಮಾನದ ಪ್ರಶ್ನೆ. ಇಬ್ಬರೂ ರುಮಾಲು ಸರಿಮಾಡಿಕೊಂಡರು. ಯಜಮಾನರನ್ನು ನೋಡಿ ಸಭೆಗೆ ಸಭೆಯೇ ರುಮಾಲು ಸರಿಮಾಡಿಕೊಂಡಿತು. ತೆಗೆಯೋಕೆ ಒಂದು ಕೈಯೂ ಲೆಕ್ಕಕ್ಕೆ ಸಿಗಲಿಲ್ಲ, ನಿಂಬೆಕ್ಕ ಮತ್ತೆ ತನ್ನ ಕಂಬಕ್ಕೆ ಒರಗಿ ಕೂತಳು.

ಹರಿಗೋಲಿನ ಜಗಳ ಇನ್ನೂ ನಡೀತಾ ಇದೆಯಂತೆ, ನಡೀಲಿ. ನನ್ನ ಬಾಯಿ ಒಣಗಿತು, ನಿಮ್ಮ ಕಾಲು ಜೋಮು ಹಿಡೀತು, ಕಥೆ ತನ್ನ ಮನೆ ಸೇರಿತು. ಏಳಿ ಇನ್ನು.