ಒಂದನೇ ನಂಬರಿನ ಹಿತ್ತಾಳೆ ಫಲಕ

ಸಭೆಗೆ ಬಂದಿರುವ ಹಿರಿಯರೇ, ಹೊಳಲ್ಕೆರೆ, ಹೊಸದುರ್ಗದಿಂದ ಬಂದ ಹಳೇ ಲೈನಿನ ಗೆಳೆಯರೇ, ತಾಯಿ ತಿಪ್ಪಮ್ಮನವರೇ — ರೈಲು ಎಂಜಿನ್ ಡ್ರೈವರ್ ಕೆಂಚಣ್ಣನ ನಮಸ್ಕಾರ.

ಫಿಟ್ಟರ್ ಓಬಳೇಶಪ್ಪನವರು ತೀರಿಕೊಂಡು ಹನ್ನೊಂದು ದಿನವಾಯಿತು. ದೊಡ್ಡ ಮನುಷ್ಯರು, ಸಜ್ಜನರು ಎಂದು ಈಗ ಮೂವರು ಹೇಳಿದರು. ಬದುಕಿದ್ದಾಗ ಇದೇ ಬಾಯಿಗಳು ಅವರನ್ನು ತಲೆಕೆಟ್ಟವನು ಎನ್ನುತ್ತಿದ್ದವು. ಹೌದೋ ಅಲ್ಲವೋ? ತಲೆ ತಗ್ಗಿಸಬೇಡಿ — ನಾನೂ ಅಂದಿದ್ದೇನೆ.

ನಮ್ಮ ಗಣಿಗೆ ಲಾರಿಗಳು ಬಂದವು, ಸಣ್ಣ ಹಳಿಯ ರೈಲು ನಿಂತಿತು. ಶೆಡ್ಡಿನಲ್ಲಿ ಎರಡು ಉಗಿ ಎಂಜಿನ್ ಉಳಿದವು. ಎಪ್ಪತ್ತಾರನೇ ಇಸವಿಯಲ್ಲಿ ಮ್ಯಾನೇಜರು, ಹಳೆಯದಾದ ಒಂದನೇ ನಂಬರನ್ನು ದುರ್ಗದಲ್ಲಿ ಜನ ನೋಡಲೆಂದು ಇಡೋಣ, ಇನ್ನೊಂದು ಗುಜರಿಗೆ ಹೋಗಲಿ ಎಂದರು. ಆದರೆ ಒಂದನೆಯದಕ್ಕೆ ತುಕ್ಕು ಹಿಡಿದಿತ್ತು. ಎರಡನೆಯದು ಹೊಸ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಯಾವುದು ಹಳೆಯದೆಂದು ಪರೀಕ್ಷಿಸುವ ತಜ್ಞರು ಬರುವ ಹಿಂದಿನ ದಿನ, ಒಂದನೆಯದರ ನಂಬರಿನ ಹಿತ್ತಾಳೆ ಫಲಕ ಬಿಚ್ಚಿ ಎರಡನೆಯದಕ್ಕೆ ಕೂರಿಸಿ ಎಂದು ಅಪ್ಪಣೆಯಾಯಿತು. ಬಿಚ್ಚಿದ ಕೈ — ಇಗೋ, ಇದೇ ಕೈ.

ತಜ್ಞರು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಹೋಲಿಸಿದರು. ಚಿಮಣಿ ಅಳೆದರು, ಚಕ್ರ ಅಳೆದರು, ಕೊನೆಗೆ ಫಲಕ ಓದಿ ತಲೆಯಾಡಿಸಿದರು. ಆಗ ಓಬಳೇಶಪ್ಪನವರು ಬಣ್ಣದ ಎಂಜಿನ್ನಿನ ಕೆಳಗೆ ನುಸುಳಿ, ಚೌಕಟ್ಟಿನ ಜಿಡ್ಡು ಒರೆಸಿ, ಉಕ್ಕಿನಲ್ಲಿ ಕೊರೆದ ನಂಬರು ತೋರಿಸಿದರು.

"ಚಕ್ರ ಬದಲಾಗ್ತಾವೆ ಸ್ವಾಮಿ, ರಾಡು ಬದಲಾಗ್ತಾವೆ. ಚೌಕಟ್ಟು ಬದಲಾಗಲ್ಲ. ಇಲ್ಲಿ ಎರಡು ಅಂತ ಐತೆ, ನೋಡ್ರಿ. ನಂಬಿಕೆ ಇಲ್ದಿದ್ರೆ ನಮ್ಮ ಕೆಂಚಣ್ಣನ್ನ ಕೇಳ್ರಿ."

ರಿಪೇರಿಯಲ್ಲಿ ಚೌಕಟ್ಟೂ ಅದಲುಬದಲಾಗಿದೆ ಎಂದು ಮ್ಯಾನೇಜರು ನಕ್ಕರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ನಿವೃತ್ತಿಗೆ ಎರಡೇ ವರ್ಷವಿತ್ತು — ನಾನು ನೆಲ ನೋಡಿದೆ.

ಅಲ್ಲಿಗೆ ಓಬಳೇಶಪ್ಪನವರು ತಲೆಕೆಟ್ಟವರಾದರು. ನಿಜವಾದ ಒಂದನೇ ನಂಬರನ್ನು ಹಿರಿಯೂರಿನ ಗುಜರಿಯಲ್ಲಿ ಕತ್ತರಿಸಿದರು. ಓಬಳೇಶಪ್ಪನವರು ಅಲ್ಲಿಗೆ ಬಸ್ಸಿನಲ್ಲಿ ಹೋಗಿ, ಒಂದು ಎಂಬ ಅಂಕಿ ಕೊರೆದಿರುವ ಚೌಕಟ್ಟಿನ ಚೂರೊಂದನ್ನು ಬೇಡಿ ತಂದರು. ಆ ಚೂರು ಈಗ ಅವರ ಮಡದಿ ತಿಪ್ಪಮ್ಮನವರ ಮಡಿಲಲ್ಲಿದೆ. ನನ್ನನ್ನು ಓಬಳೇಶಪ್ಪನವರು ಒಂದು ದಿನವೂ ಬೈಯಲಿಲ್ಲ. ಎದುರಾದಾಗಲೆಲ್ಲ, "ಕಾಫಿ ಕುಡಿಯಾಣ ಬಾ ಕೆಂಚಣ್ಣ" ಎನ್ನುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಹಾರ ತಂದಿದ್ದಾರೆ. ಸ್ವಾಮಿ, ಅಂದು ಹೇಳಬೇಕಾದದ್ದನ್ನು ಈಗ ಹೇಳುತ್ತೇನೆ. ನೀವು ದುರ್ಗದಲ್ಲಿ ನಿಲ್ಲಿಸಿರುವುದು ಎರಡನೇ ನಂಬರು. ಫಲಕ ಬದಲಿಸಿದವನು ನಾನು. ಓಬಳೇಶಪ್ಪ ಹೇಳಿದ್ದು ನಿಜ.

ಇನ್ನು ಎಲ್ಲರೂ ಎದ್ದು ನಿಲ್ಲಿ. ಅವರು ಬದುಕಿದ್ದಾಗ ನಮ್ಮ ಭಯಕ್ಕಾಗಿ ಸುಮ್ಮನಿದ್ದೆವು — ಎರಡು ನಿಮಿಷ ಅವರಿಗಾಗಿ ಸುಮ್ಮನಿರೋಣ.