ವೈರಿಯ ಗಡ್ಡ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ನಮ್ಮೂರಿನ ಕ್ಷೌರಿಕನ ಹೆಂಡತಿ ಮತ್ತು ಅವಳ ತಂಗಿ ಕೂತಿದ್ದರು.

“ನಿಮ್ಮನ್ನ ಅಂಗಡಿಯಿಂದ ಎಬ್ಬಿಸಿದ ಮುದುಕನಿಗೆ ಭಾವ ವಾರವಾರ ಮನೆಗೇ ಹೋಗಿ ಗಡ್ಡ ಬೋಳಿಸೋದು ಸಾಲದಾ? ಇಲ್ಲಿಗೂ ಕರ್ಕೊಂಡು ಬರ್ಬೇಕಾ?”

“ಹಾಸಿಗೆ ಹಿಡಿದವರು ತಾವೇ ಬರೋಕಾಗುತ್ತಾ?”

“ನಾನಾಗಿದ್ರೆ ಕತ್ತಿ ಒಂಚೂರು ಜಾರಿಸ್ತಿದ್ದೆ.”

“ಅದಕ್ಕೇ ದೇವರು ಕತ್ತಿ ನಿನ್ನ ಕೈಗೆ ಕೊಡಲಿಲ್ಲ.”

“ಮುದುಕ ಉಪಕಾರ ನೆನೀತಾನಾ?”

“ಮೀಸೆ ಸೊಟ್ಟ ಅಂತಾರೆ.”

“ಭಾವ ಕೇಳ್ಕೊಂಡು ಸುಮ್ಮನಿರ್ತಾರಾ?”

“ಮೊದಮೊದಲು ‘ವೈರಿಯನ್ನ ಪ್ರೀತಿಸು ಅಂದಿದ್ದಾರೆ ಯೇಸುಸ್ವಾಮಿ, ಮೀರೋ ಹಾಗಿಲ್ಲ’ ಅಂತ ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡು ಹೋಗ್ತಿದ್ರು. ಈಗ ಆ ಹಿರಿಯರಿಗೆ ಚಳಿಯಾಗುತ್ತೆ ಅಂತ ನೀರು ಕಾಯಿಸ್ತಾರೆ. ಅಂಥವರು ನನ್ನ ಗಂಡ.”

ವೈದ್ಯರ ಕೋಣೆಯಿಂದ ಗಾಲಿಕುರ್ಚಿ ಬಂತು. ಮುದುಕ ಗೊಣಗುತ್ತಿದ್ದ, ತಳ್ಳುತ್ತಿದ್ದ ಕ್ಷೌರಿಕ ನಗುತ್ತಿದ್ದ. ತಂಗಿ ಎದ್ದು ಹೋಗಿ, ಅವರು ದಾಟುವವರೆಗೂ ಹೊರಬಾಗಿಲು ಹಿಡಿದು ನಿಂತಳು.